ಮೇಲೆ ಎರಡು ರೂಮು ಕಟ್ಟಿಸಬೇಕು, ಆರ್ಕಿಟೆಕ್ಟ್‌ಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು?

ಕುವೆಂಪುನಗರದ ಮನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು 30×40 ಸೈಟು. ನಮ್ಮ ಮಾವ ಸಿಐಟಿಬಿ (ಆಗ ಸೈಟು ಹಂಚುತ್ತಿದ್ದ ನಗರ ಸುಧಾರಣಾ ಮಂಡಳಿ) ಕಾಲದಲ್ಲಿ ತೆಗೆದುಕೊಂಡು, 1986ರಲ್ಲಿ ಮನೆ ಕಟ್ಟಿಸಿದ್ದರು. ಕೆಳಗೆ 9 ಚದರ (900 ಚದರಡಿ) ಇದೆ. ಅತ್ತೆಗೆ ಮಂಡಿನೋವು ಜಾಸ್ತಿಯಾಗಿದೆ. ಬಚ್ಚಲಿಗೆ ಹತ್ತಿರ ಇರುವ ನಮ್ಮ ರೂಮನ್ನು ಅವರಿಗೆ ಬಿಟ್ಟುಕೊಟ್ಟು, ನಾವು ಮತ್ತು ಮಗಳು ಮೇಲೆ ಹೋಗೋಣ ಅಂತ ಯೋಚನೆ. ಎರಡು ರೂಮು, ಒಂದು ಬಾತ್‌ರೂಮು, ಸಣ್ಣದೊಂದು ಬಾಲ್ಕನಿ. ಸುಮಾರು 650 ಚದರಡಿ.

ಮೂರು ಕಡೆ ವಿಚಾರಿಸಿದೆ. ಒಬ್ಬ ಆರ್ಕಿಟೆಕ್ಟ್ ಕಟ್ಟಡದ ಖರ್ಚಿನ ಶೇ. 6 ಕೇಳಿದರು. ಚದರಡಿಗೆ 2,300 ರೂಪಾಯಿ ಅಂತ ಹಿಡಿದರೆ ಖರ್ಚು 15 ಲಕ್ಷದ ಹತ್ತಿರ. ಅಂದರೆ ಫೀಸ್ 90,000, ಮೇಲೆ ಜಿಎಸ್‌ಟಿ. ಅದರಲ್ಲಿ ಶೇ. 40 ಮೊದಲೇ ಕೊಡಬೇಕಂತೆ. ಇನ್ನೊಬ್ಬರು ಚದರಡಿಗೆ 80 ರೂಪಾಯಿ ಹೇಳಿದರು, 52,000 ಆಗುತ್ತದೆ. ಅದರಲ್ಲಿ ಪ್ಲಾನು, ಎಲಿವೇಶನ್ನು (ಮನೆ ಹೊರಗಿನಿಂದ ಕಾಣುವ ಚಿತ್ರ), ಮೂರು ಸಲ ಸೈಟಿಗೆ ಬರುವುದು ಅಷ್ಟೇ. ಮೂರನೆಯವರು ಕಂಟ್ರಾಕ್ಟರ್. "ಮೇಡಂ, ಕೆಲಸ ನಮಗೇ ಕೊಡಿ, ಪ್ಲಾನ್ ಫ್ರೀ" ಅಂದರು.

ಮನೆಯವರು ಮೂರನೆಯದೇ ಸಾಕು ಅನ್ನುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ಇರುವ ಮನೆಯ ಮೇಲೆ ಕಟ್ಟುವುದು, ಕೆಳಗೆ ನಾವೇ ಮಲಗಿರುತ್ತೇವೆ. ದಯವಿಟ್ಟು ಅನುಭವ ಇರುವವರು ಹೇಳಿ.

ರಾಜಾಜಿನಗರದ ಮೂಲೆಮನೆ

ಮೇಡಂ, ಮುಂಗಡದ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮೊದಲ ವಾರದಲ್ಲೇ ಅರ್ಧ ಫೀಸ್ ಕೊಟ್ಟೆವು. ಹತ್ತು ದಿನಕ್ಕೆ ಚೆಂದದ ತ್ರೀಡಿ ಚಿತ್ರ ಬಂತು. ಸಂಜೆ ಬೆಳಕು, ಮುಂದೆ ಕಾರು, ಬಾಲ್ಕನಿಯಲ್ಲಿ ಹೂವಿನ ಕುಂಡ. ಮನೆಯವರೆಲ್ಲ ಫೋನಿನಲ್ಲಿ ಇಟ್ಟುಕೊಂಡು ನೆಂಟರಿಗೆ ತೋರಿಸಿದೆವು. ಆಮೇಲೆ ಬಂದದ್ದು ಒಂದು ಪ್ಲಾನ್ ಹಾಳೆ ಮಾತ್ರ. ಸೆಕ್ಷನ್ (ಮನೆಯನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುವ ನಕ್ಷೆ) ಇಲ್ಲ, ಮೆಟ್ಟಿಲಿನ ಡ್ರಾಯಿಂಗ್ ಇಲ್ಲ. ಫೋನ್ ಮಾಡಿದರೆ "ಮೇಸ್ತ್ರಿಗೆ ಗೊತ್ತಿರುತ್ತೆ" ಅನ್ನುತ್ತಿದ್ದರು.

ಮೇಸ್ತ್ರಿ ಹೊರಗಿನಿಂದ ಮೆಟ್ಟಿಲು ಕಟ್ಟಿದರು. 10 ಅಡಿ ಎತ್ತರಕ್ಕೆ ಏಳೂವರೆ ಇಂಚಿನ 16 ಮೆಟ್ಟಿಲು, ಲೆಕ್ಕ ಸರಿಯಾಗೇ ಇತ್ತು. ಆದರೆ ನಾಲ್ಕನೇ ಮೆಟ್ಟಿಲು ಬರುವ ಜಾಗದಲ್ಲಿ ಹಳೆಯ ಕಿಟಕಿಯ ಸಜ್ಜೆ ಇತ್ತು. ಸಜ್ಜೆ ನೆಲದಿಂದ 84 ಇಂಚು. ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು 30 ಇಂಚು ಮೇಲಿರುತ್ತದೆ. ಉಳಿದದ್ದು 54 ಇಂಚು, ನಾಲ್ಕೂವರೆ ಅಡಿ. ನನ್ನ ತಮ್ಮನೇ ಮೊದಲು ತಲೆ ಹೊಡೆಸಿಕೊಂಡದ್ದು. ಸಜ್ಜೆ ಒಡೆಸಿದೆವು, ಲಿಂಟಲ್ (ಕಿಟಕಿಯ ಮೇಲಿನ ತೊಲೆ) ಹತ್ತಿರ ಬಿರುಕು ಬಂತು, ಮುಂದಿನ ಮಳೆಗೆ ಅಲ್ಲಿಂದಲೇ ನೀರು. ರಿಪೇರಿಗೆ ಒಟ್ಟು 38,000 ಹೋಯಿತು. ಒಂದು ಸೆಕ್ಷನ್ ಡ್ರಾಯಿಂಗ್ ಬರೆದಿದ್ದರೆ ಅದು ಕಾಗದದ ಮೇಲೇ ಕಾಣುತ್ತಿತ್ತು.

ಶೇ. 6 ಕೊಡಿ, 8 ಕೊಡಿ. ಆದರೆ ಡ್ರಾಯಿಂಗ್ ಕೈಗೆ ಬಂದ ಹಾಗೆ ದುಡ್ಡು ಕೊಡಿ.

ನಕ್ಷೆ ಬರೆಯುವವಳು

ನಾನು ಆರ್ಕಿಟೆಕ್ಟ್, ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಮೇಲಿನದನ್ನು ಓದಿ ಬೇಜಾರಾಯಿತು, ಆದರೆ ಇದು ಅಪರೂಪವೇನಲ್ಲ.

ಮೊದಲು ಅವರು ನಿಜವಾಗಿಯೂ ಆರ್ಕಿಟೆಕ್ಟ್ ಹೌದೋ ಅಲ್ಲವೋ ನೋಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ನೋಂದಣಿ ಸಂಖ್ಯೆ "ಸಿಎ" ಅಂತ ಶುರುವಾಗುತ್ತದೆ, ಆಮೇಲೆ ವರ್ಷ, ಆಮೇಲೆ ನಂಬರು. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ. ಕೇಳಲು ಸಂಕೋಚ ಬೇಡ, ನಮಗೇನೂ ಅವಮಾನ ಆಗುವುದಿಲ್ಲ. ಹಾಗಂತ ಮನೆ ಡಿಸೈನ್ ಮಾಡುವುದು ನಮ್ಮೊಬ್ಬರದೇ ಹಕ್ಕಲ್ಲ. ಕಾಯ್ದೆ ಕಾಪಾಡುವುದು ಆ ಹೆಸರನ್ನು, ಕೆಲಸವನ್ನಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯ ಸಿವಿಲ್ ಇಂಜಿನಿಯರ್ ಸಿಕ್ಕಿದರೆ ಅವರ ಹತ್ತಿರವೂ ಮಾಡಿಸಬಹುದು. ಯಾರಿಗೆ ಯಾವ ಕೆಲಸಕ್ಕೆ ದುಡ್ಡು ಕೊಡುತ್ತಿದ್ದೀರಿ ಅಂತ ಗೊತ್ತಿರಬೇಕು, ಅಷ್ಟೆ.

ಫೀಸ್ ವಿಷಯ. ಕೌನ್ಸಿಲ್‌ನ ಶುಲ್ಕಪಟ್ಟಿಯಲ್ಲಿ ಒಂಟಿ ಮನೆಗೆ ಶೇ. 7.5 ಅಂತ ಇದೆ. ನಿಮ್ಮ 15 ಲಕ್ಷಕ್ಕೆ 1,12,500 ಆಗುತ್ತದೆ. ಹಾಗಾಗಿ ಶೇ. 6 ಕೇಳಿದವರು ಜಾಸ್ತಿ ಕೇಳಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಕಂತುಗಳೂ ಇವೆ. ಹಿಂದೆ ಕೊಟ್ಟದ್ದೂ ಸೇರಿ ಒಟ್ಟು ಲೆಕ್ಕ ಹೀಗೆ: ನೇಮಕದ ಹೊತ್ತಿಗೆ ಸುಮಾರು ಶೇ. 5, ಮೊದಲ ಕಲ್ಪನೆ ಕೊಟ್ಟಾಗ 10ರವರೆಗೆ, ಕಾರ್ಪೊರೇಶನ್ನಿಗೆ ಸಲ್ಲಿಸುವ ನಕ್ಷೆಯ ಹೊತ್ತಿಗೆ 35, ವರ್ಕಿಂಗ್ ಡ್ರಾಯಿಂಗ್ (ಮೇಸ್ತ್ರಿ ನೋಡಿ ಕಟ್ಟುವ ವಿವರವಾದ ನಕ್ಷೆಗಳು) ಕೊಟ್ಟಾಗ 45. ಉಳಿದದ್ದು ಕಟ್ಟುವಾಗ, ಕೊನೆಯ ಶೇ. 10 ಕೆಲಸ ಮುಗಿದ ಮೇಲೆ. ಸಣ್ಣ ಕೆಲಸಕ್ಕೆ ಎಲ್ಲರೂ ಇದನ್ನೇ ಅಕ್ಷರಕ್ಷರ ಪಾಲಿಸುವುದಿಲ್ಲ, ಮುಂಗಡ ಸ್ವಲ್ಪ ಜಾಸ್ತಿ ಕೇಳುತ್ತಾರೆ. ಆದರೂ ಒಂದು ಗೆರೆಯನ್ನೂ ಬರೆಯುವ ಮುಂಚೆ ಶೇ. 40 ಕೊಡುವುದು ಬೇಡ.

ಇನ್ನೊಂದು. ಇರುವ ಮನೆಗೆ ಸೇರಿಸಿ ಕಟ್ಟುವಾಗ ಮೊದಲ ಕೆಲಸ ಡಿಸೈನ್ ಅಲ್ಲ, ಅಳತೆ. ಹಳೆಯ ಪ್ಲಾನು ಸಿಕ್ಕರೂ ಕಟ್ಟಿದ್ದು ಬೇರೆ ಇರುತ್ತದೆ. ಯಾವ ಗೋಡೆ 9 ಇಂಚು, ಯಾವುದು ನಾಲ್ಕೂವರೆ, ಮೂಲೆ ಮಟ್ಟ ಇದೆಯಾ, ಚರಂಡಿಯ ಚೇಂಬರ್ ಎಲ್ಲಿದೆ, ಎಲ್ಲಾ ಟೇಪ್ ಹಿಡಿದು ಬರೆದುಕೊಳ್ಳಬೇಕು. ಇಬ್ಬರಿಗೆ ಒಂದು ಪೂರ್ತಿ ದಿನ ಬೇಕು. ಈ ಅಳತೆ ಮಾಡದೆ ತ್ರೀಡಿ ತೋರಿಸಿದರೆ ಅನುಮಾನಪಡಿ.

ಕಂಬಿ ಲೆಕ್ಕ

ಆರ್ಕಿಟೆಕ್ಟ್ ಮೇಡಂ ಹೇಳಿದ್ದಕ್ಕೂ ಮುಂಚೆ ಇನ್ನೊಂದು ಹೆಜ್ಜೆ ಇದೆ. ನಾನು ಸ್ಟ್ರಕ್ಚರಲ್ ಇಂಜಿನಿಯರ್. ನಕ್ಷೆಗೆ ಒಂದು ರೂಪಾಯಿ ಕೊಡುವ ಮುಂಚೆ ಪಾಯ ತೋರಿಸಿ.

1986ರ ಮನೆ ಅಂದರೆ ಬಹುಪಾಲು ಗೋಡೆಯೇ ಭಾರ ಹೊರುವ ಮನೆ. ತಾರಸಿ ಮೇಲೆ ಕಂಬಿ ಬಿಟ್ಟಿದ್ದಾರಾ? "ಮುಂದೆ ಕಟ್ಟಲು ಕಾಲಂ ಕಂಬಿ ಬಿಟ್ಟಿದ್ದಾರೆ" ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಆ ಕಂಬಿ ಮೋಲ್ಡಿಗೇ (ತಾರಸಿಯ ಕಾಂಕ್ರೀಟಿಗೇ) ನಿಂತಿರುತ್ತದೆ, ಕೆಳಗೆ ಕಾಲಮ್ಮೇ ಇರುವುದಿಲ್ಲ, ಕಾಲಂ ಕೆಳಗಿನ ಪಾಯ, ಅಂದರೆ ಫುಟಿಂಗಂತೂ ಇಲ್ಲವೇ ಇಲ್ಲ. ಇದ್ದರೂ ಮೂವತ್ತು ನಲವತ್ತು ವರ್ಷ ಮಳೆಯಲ್ಲಿ ನೆಂದು ತುಕ್ಕು ಹಿಡಿದಿರುತ್ತದೆ. ಅದನ್ನು ನಂಬಿ ಕಟ್ಟಬೇಡಿ.

ಮನೆಯ ಎರಡು ಮೂಲೆಯಲ್ಲಿ ಗೋಡೆ ಪಕ್ಕ ಗುಂಡಿ ತೋಡಿಸಿ. ಪಾಯ ಎಷ್ಟು ಆಳ, ಎಷ್ಟು ಅಗಲ, ಕೆಳಗೆ ಯಾವ ಮಣ್ಣು ಅಂತ ಕಣ್ಣಿಗೇ ಕಾಣುತ್ತದೆ. ಮೋಲ್ಡಿಗೆ ಹ್ಯಾಮರ್ ಟೆಸ್ಟ್ (ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡುವ ಪರೀಕ್ಷೆ) ಮಾಡಿಸಿ, ಒಂದು ಕಡೆ ಸ್ವಲ್ಪ ಕೆತ್ತಿ ಕಂಬಿ ನೋಡಿ. ಇದಕ್ಕೆ ಫೀಸ್ ಬೇರೆ. ಆರ್ಕಿಟೆಕ್ಟ್ ಕೋಟ್‌ನಲ್ಲಿ "ಸ್ಟ್ರಕ್ಚರ್ ಸೇರಿ" ಅಂತ ಇದ್ದರೆ ಯಾರು ಸಹಿ ಹಾಕುತ್ತಾರೆ, ಅವರು ಸೈಟಿಗೆ ಬರುತ್ತಾರಾ ಅಂತ ಕೇಳಿ. ನೋಡದೆ ಸಹಿ ಹಾಕುವವರಿಂದ ನಿಮಗೆ ಏನೂ ಉಪಯೋಗ ಇಲ್ಲ.

ಕಡಲತೀರ

ಮಂಗಳೂರಿನಿಂದ. ನಮ್ಮದು ಮುರಕಲ್ಲಿನ ಗೋಡೆ, ಹೆಂಚಿನ ಮಾಡು. ಹೆಂಚು ಇಳಿಸಿ ಮೋಲ್ಡ್ ಹಾಕಿ ಮೇಲೆ ಒಂದು ರೂಮು ಕಟ್ಟಿದೆವು. ಒಪ್ಪಂದದಲ್ಲಿ ಫೀಸ್ ಬರೆಯುವಾಗ ತಾರೀಖನ್ನೂ ಬರೆಸಿ. ನಮ್ಮ ಡ್ರಾಯಿಂಗ್ ಒಂದೂವರೆ ತಿಂಗಳು ತಡವಾಯಿತು. ಮಾಡು ಬಿಚ್ಚುವ ಹೊತ್ತಿಗೆ ಮೇ ಬಂತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಎರಡು ತಿಂಗಳು ಟಾರ್ಪಾಲಿನ ಕೆಳಗೆ ಅಡುಗೆ ಮಾಡಿದ್ದೇವೆ.

ಕುವೆಂಪುನಗರದ ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಬಿ ಲೆಕ್ಕ ಸರ್, ನಮ್ಮ ತಾರಸಿ ಮೇಲೂ ನಾಲ್ಕು ಕಡೆ ಕಂಬಿ ಇದೆ. ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೇವೆ. ಈ ವಾರವೇ ಗುಂಡಿ ತೋಡಿಸುತ್ತೇನೆ.

ಒಂದು ಪ್ರಶ್ನೆ. ಶೇಕಡಾ ಲೆಕ್ಕದಲ್ಲಿ ಫೀಸ್ ಅಂದರೆ, ಖರ್ಚು ಜಾಸ್ತಿ ಆದಷ್ಟೂ ಅವರಿಗೆ ಜಾಸ್ತಿ ಬರುತ್ತದೆ ಅಲ್ವಾ? ಹಾಗಿದ್ದರೆ ಕಡಿಮೆ ಖರ್ಚಿನಲ್ಲಿ ಮಾಡಿಸಬೇಕು ಅಂತ ಅವರಿಗೆ ಯಾಕೆ ಅನಿಸಬೇಕು?

ನಕ್ಷೆ ಬರೆಯುವವಳು

ನ್ಯಾಯವಾದ ಪ್ರಶ್ನೆ. ನಾನು ಸಣ್ಣ ಕೆಲಸಕ್ಕೆ ಶೇಕಡಾ ಇಡುವುದೇ ಇಲ್ಲ. ಶುರುವಿನಲ್ಲಿ ಅಂದಾಜು ವೆಚ್ಚ ಒಪ್ಪಿಕೊಂಡು, ಅದರ ಮೇಲೆ ಒಂದು ಮೊತ್ತ ನಿಗದಿ ಮಾಡುತ್ತೇನೆ. ಆಮೇಲೆ ಸಿಮೆಂಟ್ ರೇಟ್ ಏರಿದರೂ ನನ್ನ ಫೀಸ್ ಏರುವುದಿಲ್ಲ. ಗ್ರಾನೈಟ್ ಬದಲು ಇಟಾಲಿಯನ್ ಮಾರ್ಬಲ್ ಹಾಕಿಸಿದಿರಿ ಅಂತ ನನಗೆ ಜಾಸ್ತಿ ಕೆಲಸವೇನೂ ಆಗಿರುವುದಿಲ್ಲ.

ಶೇಕಡಾ ಲೆಕ್ಕವೇ ಬೇಕು ಅನ್ನುವವರ ಹತ್ತಿರ ಹೋದರೆ "ಯಾವುದರ ಶೇಕಡಾ" ಅಂತ ಬರೆಸಿಕೊಳ್ಳಿ. ವಾರ್ಡ್‌ರೋಬ್, ಫ್ಯಾನು, ಸೋಲಾರ್, ಸಂಪು ರಿಪೇರಿ ಸೇರುತ್ತದಾ? ಜಗಳ ಬರುವುದು ಇಲ್ಲೇ.

ಹಾಗೆಯೇ ನಮ್ಮ ಕಡೆಯ ಮಾತೂ ಕೇಳಿ. ನೀವು ಪ್ಲಾನ್ ಒಪ್ಪಿ ಸಹಿ ಹಾಕಿದ ಮೇಲೆ, ಊರಿಂದ ಬಂದ ದೊಡ್ಡಪ್ಪ ನೋಡಿ "ಬಾಗಿಲು ಈ ಕಡೆ ಬೇಡ" ಅಂದರು ಅಂತ ಬದಲಾಯಿಸಿದರೆ ಅದು ಹೊಸ ಕೆಲಸ. ವಾಸ್ತು ನೋಡಿಸುವುದಿದ್ದರೆ ಮೊದಲ ಸ್ಕೆಚ್ ಹಂತದಲ್ಲೇ ನೋಡಿಸಿ. ಎಷ್ಟು ಸಲ ತಿದ್ದುವುದು ಫೀಸಿನಲ್ಲಿ ಸೇರಿದೆ, ಆಮೇಲೆ ಎಷ್ಟು ಅಂತ ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಗಾರೆ ಕರಣೆ

ನಾನು ಕಂಟ್ರಾಕ್ಟರ್, 22 ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಫ್ರೀ ಪ್ಲಾನ್ ಅಂದರೆ ಫ್ರೀ ಅಲ್ಲ ಅಕ್ಕ, ಅದು ಚದರಡಿ ರೇಟಿನಲ್ಲಿ ಸೇರಿರುತ್ತದೆ. ನಾನೂ ಹಾಗೆ ಮಾಡಿಕೊಟ್ಟಿದ್ದೇನೆ. ಆದರೆ ನನ್ನ ಸ್ವಂತ ಮನೆಗೆ ಆರ್ಕಿಟೆಕ್ಟ್ ಹತ್ತಿರ ಹೋದೆ. ನನ್ನ ಕೆಲಸವನ್ನು ನಾನೇ ಚೆಕ್ ಮಾಡಿದರೆ ತಪ್ಪು ಕಾಣುವುದಿಲ್ಲ.

ಡ್ರಾಯಿಂಗ್ ಸರಿಯಾಗಿದ್ದರೆ ಕೋಟ್ ಸರಿಯಾಗಿ ಬರುತ್ತದೆ. ಬಾಗಿಲು ಎಷ್ಟು, ಕಿಟಕಿ ಎಷ್ಟು, ಎಷ್ಟು ಪಾಯಿಂಟ್ ವೈರಿಂಗ್, ಬಾತ್‌ರೂಮಿಗೆ ಟೈಲ್ಸ್ ಎಷ್ಟು ಎತ್ತರ ಅಂತ ಬರೆದಿದ್ದರೆ ನಾಲ್ಕು ಜನ ಕಂಟ್ರಾಕ್ಟರ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು. ಇಲ್ಲದಿದ್ದರೆ ಪ್ರತಿಯೊಂದಕ್ಕೂ ಆಮೇಲೆ "ಎಕ್ಸ್‌ಟ್ರಾ" ಅಂತ ಬರುತ್ತದೆ.

ಸೈಟ್ ವಿಸಿಟ್ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಮೋಲ್ಡ್ ಹಾಕುವ ಹಿಂದಿನ ದಿನ ಬರಲೇಬೇಕು ಅಂತ ಬರೆಸಿ. ಕಾಂಕ್ರೀಟ್ ಸುರಿದ ಮೇಲೆ ಬಂದು ನೋಡಿ ಏನು ಪ್ರಯೋಜನ? ಮತ್ತೆ, ಆರ್ಕಿಟೆಕ್ಟ್ ದಿನಾ ಬಂದು ನಿಲ್ಲುವುದಿಲ್ಲ. ದಿನದ ಉಸ್ತುವಾರಿ ಅವರ ಫೀಸಿನಲ್ಲಿ ಸೇರಿರುವುದಿಲ್ಲ, ಅದಕ್ಕೆ ಬೇರೆ ಜನ ಇಡಬೇಕು.

ರಾಜಾಜಿನಗರದ ಮೂಲೆಮನೆ

ಬಿಲ್ಲಿನ ವಿಷಯ ಯಾರೂ ಹೇಳಲಿಲ್ಲ. ಆರ್ಕಿಟೆಕ್ಟ್ ಸೇವೆಗೆ ಜಿಎಸ್‌ಟಿ ಶೇ. 18. ಆದರೆ ವರ್ಷದ ವಹಿವಾಟು 20 ಲಕ್ಷದ ಒಳಗಿರುವವರು ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ನಂಬರ್ ಕೇಳಿ, ಬಿಲ್ಲಿನಲ್ಲಿ ಇದೆಯಾ ನೋಡಿ. "ಕ್ಯಾಶ್ ಕೊಟ್ಟರೆ ಜಿಎಸ್‌ಟಿ ಬೇಡ" ಅನ್ನುವ ಮಾತಿಗೆ ಒಪ್ಪಬೇಡಿ. ನನ್ನ ಹತ್ತಿರ ರಸೀದಿ ಇರಲಿಲ್ಲ, ಅದಕ್ಕೇ ಏನೂ ಕೇಳಲು ಆಗಲಿಲ್ಲ.

ಬ್ಯಾಂಕ್ ಸಾಲ ತೆಗೆಯುವುದಿದ್ದರೆ ಮಂಜೂರಾದ ನಕ್ಷೆ, ಸಹಿ ಹಾಕಿದ ಎಸ್ಟಿಮೇಟ್ ಎರಡೂ ಕೇಳುತ್ತಾರೆ. ಎಸ್ಟಿಮೇಟಿಗೆ ಬೇರೆ ಚಾರ್ಜ್ ಇದೆಯಾ ಅಂತ ಈಗಲೇ ಕೇಳಿ.

ಮೇಲಿನ ಮನೆಗೆ ಬೇರೆ ಕರೆಂಟ್ ಮೀಟರ್ ಬೇಕಾ? 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಒಸಿ (ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡುವ ಪ್ರಮಾಣಪತ್ರ) ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಸಿಗುವುದು ಕಷ್ಟವಾಯಿತು. ಆಮೇಲೆ 1,200 ಚದರಡಿಯವರೆಗಿನ ಸೈಟುಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ. ಆದರೂ ನಕ್ಷೆ ಸಲ್ಲಿಸುವಾಗಲೇ ಇದನ್ನು ಆರ್ಕಿಟೆಕ್ಟ್ ಹತ್ತಿರ ಮಾತಾಡಿ.

ಕುವೆಂಪುನಗರದ ಮನೆ

ಮೂರು ವಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಗುಂಡಿ ತೋಡಿಸಿದೆವು. ಮುಂದಿನ ಮೂಲೆಯಲ್ಲಿ ಸೈಜುಗಲ್ಲಿನ ಪಾಯ, ಎರಡಡಿ ಅಗಲ, ಮೂರೂವರೆ ಅಡಿ ಆಳ, ಕೆಳಗೆ ಗಟ್ಟಿ ಮಣ್ಣು. ಇಂಜಿನಿಯರ್ ಹಾರೆಯಿಂದ ಕುಟ್ಟಿ ನೋಡಿ ತಲೆಯಾಡಿಸಿದರು. ನಮ್ಮ ಮಾವನವರು ಸಾಲ ಮಾಡಿ ಹಾಕಿಸಿದ ಪಾಯ ಅದು. ಅತ್ತೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ನನಗೆ ಗಂಟಲು ಕಟ್ಟಿತು.

ಮನೆಯ ಹಿಂಭಾಗದ ಕಥೆ ಬೇರೆ. ಅಡುಗೆಮನೆ ಆಮೇಲೆ ಸೇರಿಸಿದ್ದು. ಗೋಡೆ ನಾಲ್ಕೂವರೆ ಇಂಚು, ಪಾಯ ಒಂದೂವರೆ ಅಡಿಯೂ ಇಲ್ಲ. ಅದರ ಮೇಲೆ ಏನೂ ಕಟ್ಟಬೇಡಿ ಅಂದರು. ತಾರಸಿಯ ಕಂಬಿಗಳು ಸರ್ ಹೇಳಿದ ಹಾಗೆಯೇ, ಮೋಲ್ಡಿನಲ್ಲೇ ಮುಗಿಯುತ್ತವೆ. ಕಂಟ್ರಾಕ್ಟರ್ ಕೊಟ್ಟ ಫ್ರೀ ಪ್ಲಾನಿನಲ್ಲಿ ಬಾತ್‌ರೂಮು ಸರಿಯಾಗಿ ಆ ಅಡುಗೆಮನೆಯ ಮೇಲೇ ಇತ್ತು. ಮನೆಯವರು ಆ ಹಾಳೆ ಹಿಡಿದುಕೊಂಡು ತುಂಬಾ ಹೊತ್ತು ಸುಮ್ನೆ ನಿಂತಿದ್ದರು.

ಈಗ 650 ಬದಲು 480 ಚದರಡಿ. ಅಡುಗೆಮನೆಯ ಮೇಲೆ ಖಾಲಿ ತಾರಸಿ ಹಾಗೇ ಇರುತ್ತದೆ. ಮೊದಲು ಶೇ. 6 ಹೇಳಿದ ಆರ್ಕಿಟೆಕ್ಟ್ ಹತ್ತಿರವೇ ಮತ್ತೆ ಹೋದೆ. ಇಲ್ಲಿ ಓದಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಸಿಟ್ಟಾಗಲಿಲ್ಲ, ಪೂರ್ತಿ ಓದಿದರು. 70,000ಕ್ಕೆ ನಿಗದಿ ಆಯಿತು, ಜಿಎಸ್‌ಟಿ ಸೇರಿ 82,600. ಅಳತೆ ನಕ್ಷೆ ಕೊಟ್ಟಾಗ 10,000, ಸ್ಕೆಚ್ ಒಪ್ಪಿದಾಗ 10,000, ಕಾರ್ಪೊರೇಶನ್ ನಕ್ಷೆಗೆ 10,000, ವರ್ಕಿಂಗ್ ಡ್ರಾಯಿಂಗ್ ಪೂರ್ತಿ ಕೈಗೆ ಬಂದಾಗ 20,000. ಕಟ್ಟುವಾಗ ಲಿಂಟಲ್, ಮೋಲ್ಡಿನ ಹಿಂದಿನ ದಿನ, ಪ್ಲಾಸ್ಟರಿಂಗ್, ಹೀಗೆ ಮೂರು ಸಲ ಐದೈದು ಸಾವಿರ. ಕೊನೆಗೆ 5,000. ವರ್ಕಿಂಗ್ ಡ್ರಾಯಿಂಗ್ ಅಂದರೆ ಏನೇನು ಅಂತ ಒಂದೊಂದಾಗಿ ಬರೆಸಿದ್ದೇನೆ. ಮೆಟ್ಟಿಲಿನ ಸೆಕ್ಷನ್ ಮೊದಲನೆಯದು! ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಬೇರೆ 25,000.

ಕಂಬಿ ಲೆಕ್ಕ

ಒಳ್ಳೆಯ ನಿರ್ಧಾರ ಅಮ್ಮಾ. ಬಾಲ್ಕನಿ ಇನ್ನೂ ಇದೆಯಾ? ಇದ್ದರೆ ಮೋಲ್ಡಿನ ಹಿಂದಿನ ದಿನ ಅಲ್ಲಿ ಕಂಬಿ ಮೇಲ್ಗಡೆ ಇದೆಯಾ ನೋಡಿಸಿ. ಚಾಚಿಕೊಂಡ ಮೋಲ್ಡಿಗೆ ಮುಖ್ಯ ಕಂಬಿ ಮೇಲೇ ಇರಬೇಕು.

ಹೊಸಬ

ಮಧ್ಯದಲ್ಲಿ ಆರ್ಕಿಟೆಕ್ಟ್ ಬದಲಾಯಿಸಬೇಕು ಅಂದರೆ ಏನು ಮಾಡಬೇಕು? ನಮ್ಮವರು ಎರಡು ತಿಂಗಳಿಂದ ಫೋನೇ ಎತ್ತುತ್ತಿಲ್ಲ.

ನಕ್ಷೆ ಬರೆಯುವವಳು

ಮೊದಲು ಇಮೇಲಿನಲ್ಲೋ ರಿಜಿಸ್ಟರ್ಡ್ ಪೋಸ್ಟಿನಲ್ಲೋ ಬರೆದು ತಿಳಿಸಿ, ಒಂದು ಗಡುವು ಕೊಡಿ. ಅವರು ಮಾಡಿಕೊಟ್ಟ ಕೆಲಸದ ದುಡ್ಡು ಬಾಕಿ ಇದ್ದರೆ ಚುಕ್ತಾ ಮಾಡಿ, ಮುಗಿಯಿತು ಅಂತ ಒಂದು ಪತ್ರ ತೆಗೆದುಕೊಳ್ಳಿ. ಇನ್ನೊಬ್ಬರ ಕೆಲಸ ಕಿತ್ತುಕೊಳ್ಳಬಾರದು ಅಂತ ನಮ್ಮ ವೃತ್ತಿ ನಿಯಮದಲ್ಲಿ ಇದೆ. ಹಾಗಾಗಿ ಹೊಸಬರು ಆ ಪತ್ರ ಕೇಳುತ್ತಾರೆ. ಹಳೆಯ ಡ್ರಾಯಿಂಗನ್ನೇ ಬೇರೆಯವರ ಹತ್ತಿರ ತಿದ್ದಿಸಿ ಬಳಸಬೇಡಿ, ಅದರ ಕಾಪಿರೈಟ್ ಬರೆದವರದು. ಅಳತೆ ನಕ್ಷೆಗೆ ನೀವು ದುಡ್ಡು ಕೊಟ್ಟಿದ್ದರೆ ಅದರ ಫೈಲು ನಿಮಗೆ ಬಳಸಲು ಬಿಡಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಕುವೆಂಪುನಗರದ ಮನೆ

ಏಳು ತಿಂಗಳು ಆದ ಮೇಲೆ ಬರೆಯುತ್ತಿದ್ದೇನೆ. ಕಂಬಿ ಲೆಕ್ಕ ಸರ್, ಇದು ನಿಮಗೆ.

ಮೋಲ್ಡಿನ ಹಿಂದಿನ ಸಂಜೆ ಆರ್ಕಿಟೆಕ್ಟ್, ಇಂಜಿನಿಯರ್ ಇಬ್ಬರೂ ಬಂದರು. ರೂಮಿನ ಕಡೆ ಎಲ್ಲಾ ಸರಿ ಇತ್ತು. ಬಾಲ್ಕನಿ ಹತ್ತಿರ ಇಂಜಿನಿಯರ್ ಕೂತುಕೊಂಡು ಕೈ ಹಾಕಿದರು. ಮೇಲಿರಬೇಕಾದ ಕಂಬಿ ಕೆಳಗಿನ ಸೆಂಟ್ರಿಂಗ್ ಶೀಟಿಗೆ (ಕಾಂಕ್ರೀಟ್ ಸುರಿಯುವ ಅಚ್ಚಿಗೆ) ತಾಗುವ ಹಾಗೆ ಬಗ್ಗಿತ್ತು. ಕಟ್ಟಿದ್ದು ಸರಿಯೇ, ಆದರೆ ಮಧ್ಯಾಹ್ನವೆಲ್ಲ ಎಲೆಕ್ಟ್ರಿಷಿಯನ್ ಹುಡುಗರು ಪೈಪ್ ಹಾಕಲು ಅದರ ಮೇಲೇ ಓಡಾಡಿದ್ದರು. ಕಂಬಿಯನ್ನು ಎತ್ತಿ ಹಿಡಿಯಲು ಕೆಳಗೆ ಇಡಬೇಕಾದ ಆಸರೆಗಳು, ಅವಕ್ಕೆ ಕುರ್ಚಿ ಅನ್ನುತ್ತಾರೆ, ಎರಡೇ ಇದ್ದವು. ಹೊಸದಾಗಿ ಹನ್ನೊಂದು ಮಾಡಿಸಿ, ಕಂಬಿ ಎತ್ತಿ ಮತ್ತೆ ಕಟ್ಟಿಸುವ ಹೊತ್ತಿಗೆ ರಾತ್ರಿ ಎಂಟೂವರೆ. ಅಷ್ಟೂ ಹೊತ್ತು ಆರ್ಕಿಟೆಕ್ಟ್ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದರು. ಬೆಳಗ್ಗೆ ಕಾಂಕ್ರೀಟ್ ಸುರಿಯುವಾಗ ಕಂಬಿಯ ಮೇಲೆ ಹಲಗೆ ಹಾಕಿಸಿ ಓಡಾಡಿಸಿದರು.

ಆ ದಿನದ 5,000 ಅಲ್ಲೇ ಟ್ರಾನ್ಸ್‌ಫರ್ ಮಾಡಿದೆ.

ಕೊನೆಯ ಕಂತು ಕೊಟ್ಟದ್ದು ಹೋದ ಶುಕ್ರವಾರ. ಖರ್ಚು ಒಟ್ಟು 11 ಲಕ್ಷ 60 ಸಾವಿರ ಆಯಿತು, ಅಂದಾಜಿಗಿಂತ ಸುಮಾರು 55,000 ಜಾಸ್ತಿ. ಅದರಲ್ಲಿ ಹೆಚ್ಚಿನದು ನಾವೇ ಆಮೇಲೆ ಸೇರಿಸಿದ ಕಿಟಕಿ ಗ್ರಿಲ್ಲು ಮತ್ತು ಸೋಲಾರ್ ಪೈಪು. ಒಪ್ಪಂದದ ಹಾಳೆಯ ಸ್ಕ್ಯಾನ್ ನನ್ನ ಹತ್ತಿರ ಇದೆ. ಹೆಸರು, ವಿಳಾಸ ಅಳಿಸಿ ಹಾಕುತ್ತೇನೆ, ಬೇಕಾದವರು ಕೇಳಿ. ಹೊಸಬ ಅವರೇ, ನಿಮಗೆ ಮೊದಲು ಕಳಿಸುತ್ತೇನೆ.

ಹೊಸಬ

ದಯವಿಟ್ಟು ಕಳಿಸಿ ಅಕ್ಕ. ನಮ್ಮ ಅಡುಗೆಮನೆಯೂ ಆಮೇಲೆ ಸೇರಿಸಿದ್ದೇ. ಭಾನುವಾರ ಗುಂಡಿ ತೋಡಿಸುತ್ತಿದ್ದೇನೆ.